ಪಗೋಡದ ಗುಡ್ಡಕ್ಕೆ ಆಯಿಯ ಹರಕೆ

ನಾವು ಅಮೆರಿಕದ ಡಿಯರ್‌ಬಾರ್ನಿನಲ್ಲಿದ್ದ ಆ ಕಾಲದಲ್ಲಿ, ದೂರದ ಪ್ರಯಾಣವೆಂದರೆ ಹಿಂದಿನ ದಿನವೇ ಮನೆ ತುಂಬ ಶೇಂಗಾ ಹುರಿದ ವಾಸನೆ. ಅಮ್ಮನ ಮಡಿಲಲ್ಲಿ ಕಾಗದದ ಮ್ಯಾಪು, ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟು, ಅದರ ಪಕ್ಕ ನಾನು. ಸಿಸ್ಟರ್‌ಗಳು ಕಲಿಸುವ ಶಾಲೆಯಲ್ಲಿ ಆಗ ನಾಲ್ಕನೆಯ ಕ್ಲಾಸು.

ಆ ವರ್ಷ ಅಪ್ಪನಿಗೆ ಎದೆಯ ಆಪರೇಷನ್ ಆಗಿತ್ತು. ಆರೈಕೆಗೆಂದು ಕಲಬುರಗಿ ಕಡೆಯಿಂದ ಬಂದಿದ್ದ ಅಪ್ಪನ ತಾಯಿ, ನಮ್ಮ ಆಯಿ, ಮಗ ಎದ್ದು ಓಡಾಡಿದರೆ ಗುಡ್ಡದ ಮೇಲಿನ ದೇವರಿಗೆ ಕಾಯಿ ಒಡೆಯುತ್ತೇನೆಂದು ಹರಕೆ ಹೊತ್ತಿದ್ದಳು. ಅಪ್ಪ ಎದ್ದ, ತಾನೇ ಡ್ರೈವ್ ಮಾಡಿಕೊಂಡು ಆಫೀಸಿಗೂ ಹೋದ. ಆಯಿ ಊರಿಗೆ ಮರಳುವ ದಿನ ಹತ್ತಿರ ಬಂತು. ಆದರೆ ಮಿಶಿಗನ್ನಿನ ನಮ್ಮ ಭಾಗ ಚಪಾತಿ ಮಣೆಯಂತೆ ಸಪಾಟು. ಅಪ್ಪ ದೇವಸ್ಥಾನಕ್ಕೆ ಕರೆದೊಯ್ದರೆ ಆಯಿ ಕೈಮುಗಿದು, ಕಾಯಿಯನ್ನು ಚೀಲದಲ್ಲಿಟ್ಟುಕೊಂಡೇ ವಾಪಸು ಬಂದಳು.

"ಗುಡಿ ಛಲೋ ಅದ. ಗುಡ್ಡ ಎಲ್ಲದ?"

"ಊರಿಗೆ ಹೋದ ಮ್ಯಾಲೆ ಅಲ್ಲೇ ಒಡಿ, ಯವ್ವಾ."

"ಹರಕಿ ಹೊತ್ತದ್ದು ಇಲ್ಲಿ. ಅದು ಮುಗೀಲಾರದ ವಿಮಾನ ಹತ್ತಂಗಿಲ್ಲ ನಾ."

ಪೆನ್ಸಿಲ್ವೇನಿಯಾದ ಗುಡ್ಡವೊಂದರ ಮೇಲೆ ಹಳೆಯ ಪಗೋಡ ಇದೆಯೆಂದು ಅಪ್ಪನಿಗೆ ಆಫೀಸಿನಲ್ಲಿ ಯಾರೋ ಹೇಳಿದರು.

"ಬುದ್ಧನ ಗುಡಿಯಂತ. ನಡೀತದೇನು?"

"ನಮ್ಮ ಭೀಮಾ ದಂಡಿ ಹೊಲದಾಗೂ ಬುದ್ಧನ ಕಲ್ಲು ಅದಾವ," ಅಂದಳು ಆಯಿ. "ಅವ ನಮ್ಮವನೇ. ಗಾಡಿ ತಗಿ."

ಇಡೀ ದಿನದ ಡ್ರೈವ್, ಮೋಟೆಲ್ಲಿನ ಒಂದೇ ಕೋಣೆ. ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಕೆಂಪಾದ ಗುಡ್ಡ, ಅಂಕುಡೊಂಕು ರಸ್ತೆ, ತುದಿಯಲ್ಲಿ ಒಂದರ ಮೇಲೊಂದು ಕೆಂಪು ಸೂರು. ಆ ಚಳಿಯಲ್ಲಿ ಆಯಿ ಬಾಗಿಲ ಹೊರಗೇ ಚಪ್ಪಲಿ ಬಿಟ್ಟಳು. ನಾವೂ ಬಿಟ್ಟೆವು. ಹಿಂದೆ ಬಂದ ಅಮೆರಿಕನ್ ಸಂಸಾರವೊಂದು, ಇಲ್ಲಿಯ ರೂಢಿಯೇ ಹೀಗೆಂದುಕೊಂಡು ಬೂಟಿನ ಲೇಸು ಬಿಚ್ಚತೊಡಗಿತು.

ಒಳಗೆ ಬುದ್ಧ ಇರಲಿಲ್ಲ. ಪೋಸ್ಟ್‌ಕಾರ್ಡ್ ಮಾರುವ ಮೇಜು, ಅದರ ಹಿಂದೆ ಬಿಳಿಗೂದಲಿನ ಹೆಂಗಸು. ಈ ಕಟ್ಟಡ ಎಂದೂ ಗುಡಿಯಾಗಿರಲಿಲ್ಲ, ಮೇಲಂತಸ್ತಿನ ಗಂಟೆ ಮಾತ್ರ ಜಪಾನಿನ ಹಳೆಯ ಬೌದ್ಧ ಗುಡಿಯಿಂದ ಬಂದದ್ದು ಎಂದು ಆಕೆ ಹೇಳಿದರು. ಅಪ್ಪನ ಮುಖ ಇಳಿದುಹೋಯಿತು. ಅಷ್ಟು ದೂರ ಕಾರು ಓಡಿಸಿ ದಣಿದಿದ್ದ ಅವನು ಎದೆ ಸವರಿಕೊಂಡ. ಗಂಟೆಯ ಮಾತನ್ನು ಆಯಿಗೆ ತಿಳಿಸಿದವಳು ನಾನು.

"ಗಂಟಿ ಅಷ್ಟು ದೂರದಿಂದ ಬಂದದ, ದೇವರು ಬರಲಾರದ ಇರ್ತಾನೇನು?" ಆಯಿ ಚೀಲದಿಂದ ಕಾಯಿ ತೆಗೆದಳು. "ಎಲ್ಲಿ ಒಡೀಬೇಕು, ಕೇಳವ್ವಾ."

ಸಿಸ್ಟರ್‌ಗಳು ಕಲಿಸಿದಂತೆ ಕೈಕಟ್ಟಿ ನಿಂತು, ದಯವಿಟ್ಟು ಎಂದು ಶುರುಮಾಡಿ ಇಂಗ್ಲಿಷಿನಲ್ಲಿ ಕೇಳಿದೆ. ಕಾಯಿ ಯಾಕೆ ಎಂದರು ಆಕೆ. "ನಮ್ಮಪ್ಪ ಬದುಕಿದರು. ಆಯಿ ದೇವರಿಗೆ ಮಾತು ಕೊಟ್ಟಿದ್ದಾಳೆ," ಅಂದೆ. ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಆಕೆ ಮೇಜು ಬಿಟ್ಟು ಎದ್ದರು. ಬಾಗಿಲಲ್ಲಿ ಚಪ್ಪಲಿ, ಬೂಟುಗಳ ಸಾಲು ನೋಡಿ ಒಂದು ಕ್ಷಣ ನಿಂತು, ತಮ್ಮ ಶೂಗಳನ್ನೂ ಕಳಚಿ ಅದರ ಕೊನೆಗೆ ಇಟ್ಟರು. ಊರೆಲ್ಲ ಕೆಳಗೆ ಕಾಣುವ ಅಂಚಿನ ಬಂಡೆಯನ್ನು ತೋರಿಸಿದರು. ಆಯಿ ಒಂದೇ ಏಟಿಗೆ ಕಾಯಿಯನ್ನು ಸರಿಯಾಗಿ ಎರಡು ಹೋಳು ಮಾಡಿದಳು. ಮೊದಲ ಚೂರು ಆಕೆಗೆ, ಆಮೇಲೆ ಬರಿಗಾಲಿನ ಎಲ್ಲರಿಗೂ.

ಕಾರಿನಲ್ಲಿ ಆಯಿ ನನ್ನ ನೆತ್ತಿ ಸವರಿ, "ಹರಕಿ ಮುಟ್ಟಿಸಿದಾಕಿ ನೀನೇ," ಅಂದಳು.

ಆಯಿ ಈಗಿಲ್ಲ. ಅಪ್ಪ ಡ್ರೈವ್ ಮಾಡುವುದನ್ನು ಬಿಟ್ಟಿದ್ದಾನೆ. ನಾನು ಈಗಿರುವ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಮನೆಯಿಂದ ದೇವಸ್ಥಾನ ಕೆಲವೇ ಮೈಲಿ. ಬೆಚ್ಚನೆಯ ನೆಲ, ಚಪ್ಪಲಿಗೆ ಗೂಡುಗಳು, ಕಾಯಿ ಒಡೆಯಲು ಬೇರೆಯೇ ಜಾಗ. ನನ್ನ ಮಗಳು ಫೋನು ನೋಡುತ್ತಲೇ ಕಾಯಿ ಕೊಟ್ಟು ಬರುತ್ತಾಳೆ. ಯಾಕೆಂದು ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮಪ್ಪ ಬದುಕಿದರು ಎಂದು ಅಪರಿಚಿತರ ಮುಂದೆ ಬೆನ್ನು ನೆಟ್ಟಗೆ ಮಾಡಿ ಹೇಳುವ ಸಂದರ್ಭ ನನಗೆ ಮತ್ತೆ ಬರಲಿಲ್ಲ.