ಸೋತವರು ಊರು ಕೊಡಬೇಕು

ಕೈಗೆ ಬಳೆಯಾದರೆ ಕಾಲಿಗೆ ಏನು? ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ವಸತಿಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಿರುವ ನನ್ನ ಮಗಳು ಸೃಷ್ಟಿ ಇಂಥವನ್ನು ಚಟಚಟನೆ ಬಿಡಿಸುತ್ತಾಳೆ. ಗೆಜ್ಜೆಯೇ ಯಾಕೆ, ಚಪ್ಪಲಿ ಯಾಕಲ್ಲ ಎಂದು ಕೇಳಿದರೆ ಮಾತ್ರ "ಸರ್ ಹೇಳ್ಯಾರ" ಎನ್ನುತ್ತಾಳೆ. ಮಾತು ಅಲ್ಲಿಗೆ ಮುಗಿಯಿತು. ಬಾಗೇವಾಡಿಯ ನಮ್ಮ ಮನೆಯಲ್ಲಿ ಈಚೆಗೆ ಎಲ್ಲ ಮಾತೂ ಒಂದೇ ಸಾಲಿಗೆ ಮುಗಿಯುತ್ತದೆ. ಪಾಸಾದರೆ ಜೂನ್ ತಿಂಗಳಲ್ಲಿ ಹಾಸ್ಟೆಲಿಗೆ ಹೋಗುತ್ತಾಳೆ. ಪಾಸಾಗಲಿ ಎಂದು ದೇವರಿಗೆ ಕಾಯಿ ಕಟ್ಟಿದವಳೂ ನಾನೇ, ಹೋಗುವ ಮೊದಲು ಒಮ್ಮೆ ಬಾಯಿತುಂಬ ಮಾತಾಡಲಿ ಎಂದು ಹಂಬಲಿಸುವವಳೂ ನಾನೇ.

ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ತಂದವಳು ನಾನು. ತಾಂಬಾದಿಂದ ಇಂಡಿಗೆ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು ಗಳಿಸಿದ್ದು. ಇದನ್ನು ಕೇಳದವರಿಗೂ ಹೇಳುತ್ತೇನೆ. ಆದರೆ ನನ್ನ ತಲೆ ಓಡಲು ಕಲಿತದ್ದು ಕಾಲೇಜಿನಲ್ಲಲ್ಲ, ಚಿಕ್ಕಂದಿನಲ್ಲಿ ನನ್ನ ಅಕ್ಕ ಶಾಂತಕ್ಕನ ಜೊತೆ ಜೋಳ ಹಸನು ಮಾಡುವಾಗ. ಅಕ್ಕ ಒಡಪು, ಅಂದರೆ ಒಗಟು, ಹಾಕುವಳು. ಬಿಡಿಸಲಾಗದೆ ಸೋತವರು ಒಂದು ಊರು ಕೊಡಬೇಕು. ಗೆದ್ದವರು ಆ ಊರಲ್ಲಿ ತಾವು ನಡೆಸುವ ದರ್ಬಾರನ್ನೆಲ್ಲ ಬಣ್ಣಿಸಿದ ಮೇಲೆಯೇ ಉತ್ತರ. ಅಲ್ಲಿಯತನಕ ಸೋತವರು ಬಾಯಿ ಮುಚ್ಚಿ ಕೇಳಬೇಕು. ನಾನು ಕೊಟ್ಟ ಸಿಂದಗಿಯಲ್ಲಿ ಅಕ್ಕ ಟಾಂಗಾ ಏರಿ, ಮಿಠಾಯಿ ತಿಂದು, ನನ್ನನ್ನು ತನ್ನ ಚಪ್ಪಲಿ ಕಾಯಲು ಕೂಡ್ರಿಸುವಳು. ಆ ಸಿಟ್ಟಿಗೇ ಮುಂದಿನ ಒಡಪು ಬಿಡಿಸುತ್ತಿದ್ದೆ. ಅರಸರು ಪಂಡಿತರಿಗೆ ಊರು ದತ್ತಿ ಬಿಟ್ಟದ್ದು ಶಾಸನಗಳಲ್ಲಿ ಸಿಗುತ್ತದೆ. ನಮ್ಮಲ್ಲಿ ದಡ್ಡರೇ ಜಾಣರಿಗೆ ಬಿಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅಕ್ಕ ಈಗ ನಾಲತವಾಡದ ಸೊಸೆ. ಫೋನು ಮಾಡಿದರೆ ಊಟ, ಬಿಸಿಲು, ಮೊಣಕಾಲು ನೋವು. ಒಂದು ಒಡಪು ಹಾಕು ಎಂದರೆ, "ವಯಸ್ಸೆಷ್ಟವ್ವಾ ನಿನಗ" ಎಂದು ನಗುತ್ತಾಳೆ.

ಮೊನ್ನೆ ರವಿವಾರ ಶೇಂಗಾ ಸುಲಿಯುತ್ತ ಮಗಳ ಮುಂದೆ ಆಟ ತೆಗೆದೆ. ಅವಳು ಒಂದಕ್ಕೂ ತಲೆ ಕೆಡಿಸಿಕೊಳ್ಳದೆ ಮುದ್ದೇಬಿಹಾಳ ಕೊಟ್ಟಳು, ಸಿಂದಗಿ ಕೊಟ್ಟಳು, ಇಂಡಿಯನ್ನೂ ಕೊಟ್ಟಳು. "ತಗೋ ಮಮ್ಮಿ, ನನಗೇನ ಮಾಡೂದೈತಿ ಅವು." ನನ್ನ ದರ್ಬಾರನ್ನು ಗೋಡೆಯ ಹಲ್ಲಿ ಕೇಳಿತು, ಮಗಳು ಮೊಬೈಲಿನಲ್ಲಿದ್ದಳು. ಈ ಸಲ ಸೋತರೆ ಬಾಗೇವಾಡಿಯೇ ಬೇಕು ಎಂದೆ. ಅವಳು ಮೊಬೈಲು ಕೆಳಗಿಟ್ಟಳು. ಬಾಗೇವಾಡಿ ಹೋದರೆ ಓಣಿಯ ಗೆಳತಿ ರುಕ್ಸಾನಾ ಎಲ್ಲಿರಬೇಕು ಎಂಬುದು ಅವಳ ಪ್ರಶ್ನೆ.

ನಾನು ಒಡಪು ಹಾಕಿದೆ: "ಹಸರ ಅಂಗಿ ತೊಟ್ಟು ಹುಟ್ಟಿತು, ಹಳದಿ ಅಂಗಿ ತೊಟ್ಟು ಪ್ಯಾಟಿಗೆ ಹೋತು, ಅಂಗಿ ಬಿಚ್ಚದೇ ರಸ ಕೊಟ್ಟಿತು."

ಬಹಳ ಹೊತ್ತು ಯೋಚಿಸಿ ಮಾವಿನಹಣ್ಣು ಎಂದಳು. ಅಲ್ಲ, ಲಿಂಬೆಹಣ್ಣು ಎಂದೆ.

"ಯಾಕಲ್ಲ? ಮಾವಿನಹಣ್ಣೂ ಮೊದಲ ಹಸರ, ಆಮ್ಯಾಲೆ ಹಳದಿ. ಹಿಚುಕಿ ಚೀಪುವಾಗ ಸಿಪ್ಪಿ ತಗೀತಿಯೇನು? ಲಿಂಬಿಹಣ್ಣರ ಚಾಕುಲೆ ಕೊಯ್ಯಬೇಕು. ಅಂಗಿ ಹರದಂಗ ಆಗಲಿಲ್ಲೇನು?"

ಅವಳ ಪರೀಕ್ಷೆಯಲ್ಲಾದರೆ ತಪ್ಪು ಎಂದು ಗೆರೆ ಎಳೆಯುತ್ತಿದ್ದರು. ನಾನು ಖುಷಿಯಿಂದ ಸಿಂದಗಿ ವಾಪಸು ಕೊಟ್ಟೆ. ಆಮೇಲೆ ತಾನೇ ಒಂದು ಒಡಪು ಕಟ್ಟುತ್ತೇನೆಂದಳು. ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ ಹೇಳಿದಳು.

"ನಾಕ ಕಣ್ಣ ಅದಾವು, ಮುಂದ ಕುಂತವರು ಕಾಣೂದಿಲ್ಲ. ಬಾಯಿ ಐತಿ, 'ಹ್ಞೂಂ' ಬಿಟ್ರ ಏನೂ ಬರೂದಿಲ್ಲ. ಯಾರು?"

ನಾನು ಚಷ್ಮಾ ತೆಗೆದು, ತಿದ್ದಲು ನನ್ನ ಶಾಲೆಯಿಂದ ತಂದ ಉತ್ತರಪತ್ರಿಕೆಗಳ ಕಟ್ಟಿನ ಮೇಲಿಟ್ಟೆ. ಮಾತಿಲ್ಲದೆ ಸೊರಗಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಗೊತ್ತಾಗವಲ್ದು," ಎಂದೆ. "ಇಂಡಿ ತಗೋ, ಲಿಂಬಿ ತ್ವಾಟ ಸಮೇತ."

ನಿಯಮವೆಂದರೆ ನಿಯಮ. ಅವಳು ಗೋಡೆಗೆ ಒರಗಿ, ಕಾಲು ಚಾಚಿ, ಇಂಡಿಯ ಬಸ್ ನಿಲ್ದಾಣದಿಂದ ತನ್ನ ದರ್ಬಾರು ಶುರು ಮಾಡಿದಳು. ನಾನು ಬಾಯಿ ಮುಚ್ಚಿ ಕೇಳಿದೆ. ಜೂನಿಗೆ ಇನ್ನೂ ಸಮಯವಿದೆ. ಸೋಲಲು ನಾಲ್ಕು ತಾಲೂಕಿನ ಹಳ್ಳಿಗಳೆಲ್ಲ ನನ್ನ ಹತ್ತಿರ ಹಾಗೆಯೇ ಇವೆ.