ಭೂತಗನ್ನಡಿ ಮತ್ತು ಚಿನ್ನದ ಬಣ್ಣದ ನಲ್ಲಿ

ಇಪ್ಪತ್ತಾರು ವರ್ಷ ಅವಳು ನಲ್ಲಿಗಳಿಗೆ ಲೇಪ ಹಾಕುವ ಕಾರ್ಖಾನೆಯಲ್ಲಿ ದುಡಿದಳು. ತಯಾರಾಗಿ ಬಂದ ಪ್ರತಿ ನಲ್ಲಿಯನ್ನೂ ಬೆಳಕಿಗೆ ಹಿಡಿದು, ಕೊರಳಲ್ಲಿ ತೂಗುತ್ತಿದ್ದ ಪುಟ್ಟ ಭೂತಗನ್ನಡಿಯಲ್ಲಿ ಹುಳುಕು ಹುಡುಕುವುದೇ ಅವಳ ಕೆಲಸ. ಜೊತೆಯವರು ಅವಳನ್ನೇ ಭೂತಗನ್ನಡಿ ಎಂದು ಕರೆಯತೊಡಗಿದರು. ಕೆಲಸ ಬಿಟ್ಟ ಮೇಲೂ ಚಾಳಿ ಬಿಡಲಿಲ್ಲ. ಮೂಸಿ ನೋಡದೆ ಹಾಲು ಕಾಯಿಸುತ್ತಿರಲಿಲ್ಲ. ಯಾರಾದರೂ ಸುಮ್ಮನೆ ನಕ್ಕು ಮಾತಾಡಿಸಿದರೆ, ಇವರಿಗೆ ನನ್ನಿಂದ ಏನೋ ಆಗಬೇಕಿದೆ ಎಂದೇ ಲೆಕ್ಕ.

ತಂಗಿ ಸ್ನಾನದ ಮನೆ ಹೊಸದು ಮಾಡಿಸುವಾಗ ನಲ್ಲಿ ಆರಿಸಲು ಇವಳನ್ನೂ ಅಂಗಡಿಗೆ ಕರೆದೊಯ್ದಳು. ತಂಗಿಯ ಗಂಡ ಟೈಲರ್. ಬಣ್ಣ ಕಂಡರೆ ಕರಗುವ ಮನುಷ್ಯ. ಚಿನ್ನದ ಬಣ್ಣದ ನಲ್ಲಿಯ ಮುಂದೆ ನಿಂತವನು ಕದಲಲಿಲ್ಲ.

"ಹತ್ತು ವರ್ಷ ಹೀಗೇ ಇರುತ್ತೆ," ಎಂದ ಅಂಗಡಿಯವನು.

"ಹತ್ತು ವರ್ಷ ಆದ್ಮೇಲೆ ನೀವು ಇಲ್ಲೇ ಇರ್ತೀರಾ?" ಎಂದು ಕೇಳಿ ಭೂತಗನ್ನಡಿ ನಲ್ಲಿಯ ಅಡಿಭಾಗ ನೋಡಿದಳು. ತೆಗಳಲು ಏನೂ ಸಿಗದೆ ಕೊಂಚ ನಿರಾಸೆಯೇ ಆಯಿತು. "ಮಾಲು ಪರವಾಗಿಲ್ಲ. ಆದ್ರೆ ಮಾಮೂಲಿ ಬೆಳ್ಳಿ ಬಣ್ಣದ ಕ್ರೋಮ್ ಲೇಪ ತಡೆದಷ್ಟು ಇದು ತಡೆಯಲ್ಲ. ದಿನಾ ಒಣ ಬಟ್ಟೇಲಿ ಒರೆಸಿ, ಕಲೆ ಕೂತ್ರೆ ಸೋಪಿನ ನೀರು. ಬೇರೆ ಏನೂ ತಾಗಿಸಬೇಡಿ."

ಟೈಲರ್ ತಲೆ ಆಡಿಸಿದ. ಅವನ ಕಣ್ಣು ನಲ್ಲಿಯ ಮೇಲೇ ಇತ್ತು.

ನಾಲ್ಕು ತಿಂಗಳಿಗೆ ತಂಗಿಯ ಫೋನ್ ಬಂತು. ನಲ್ಲಿಯ ಕೊರಳಿನ ಸುತ್ತ ಬಣ್ಣ ಹೋಗಿ ಬೂದು ತೇಪೆ ಬಿದ್ದಿತ್ತು. ಭೂತಗನ್ನಡಿ ಬಂದು ನೋಡಿ ಒಂದೇ ಮಾತು ಹೇಳಿದಳು: "ಆಸಿಡ್ ತಿಂದಿದೆ."

ತಂಗಿ ಸೀದಾ ಹೋಗಿ ಮನೆಕೆಲಸದಾಕೆಯ ಬಕೆಟ್ಟಿನಿಂದ ನೆಲ ತೊಳೆಯುವ ಆಸಿಡ್ ಬಾಟಲಿ ಎತ್ತಿ ತಂದಳು.

"ನೆಲಕ್ಕೆ ಅಂತ ನೀವೇ ತರಿಸಿದ್ದು ಅಲ್ವಾಮ್ಮ? ನಲ್ಲೀನ ನಾನು ಬಟ್ಟೇಲಿ ಒರೆಸಿದ್ದು ಬಿಟ್ರೆ ಮುಟ್ಟಿಲ್ಲ," ಎಂದಳು ಆಕೆ. ಆರು ವರ್ಷದಿಂದ ಆ ಮನೆಯಲ್ಲಿ ಕೆಲಸ ಮಾಡುತ್ತಿದ್ದವಳು.

"ಮತ್ತೆ ತಾನಾಗೇ ತಿಂತಾ?" ಎಂದು ತಂಗಿ ನಾಳೆಯಿಂದ ಬರಬೇಡ ಎಂದುಬಿಟ್ಟಳು. ಟೈಲರ್ ಬಾಗಿಲ ಬಳಿ ನಿಂತು ಉಗುರು ಕಡಿಯುತ್ತಿದ್ದ. ಭೂತಗನ್ನಡಿ ಇನ್ನೂ ತೇಪೆಯನ್ನೇ ನೋಡುತ್ತಿದ್ದಳು. ಹೋಗುವಾಗ ಕೆಲಸದಾಕೆ ಬಕೆಟ್ಟನ್ನು ತೊಳೆದು, ಬೋರಲು ಹಾಕಿಯೇ ಹೋದಳು.

ಅದೇ ಇವಳನ್ನು ಕಾಡಿತು. ತಪ್ಪು ಮಾಡಿದವಳು ಬಕೆಟ್ ತೊಳೆದಿಡುತ್ತಾಳೆಯೇ? ಅಥವಾ ಬೇಕೆಂದೇ ಹಾಗೆ ಮಾಡಿದಳೇ? ಮರುದಿನ ಬಂದು, ತೇಪೆಯ ಮೇಲೆ ತೆಳು ಕಾಗದ ಸುತ್ತಿ ಪೆನ್ಸಿಲಿನಲ್ಲಿ ಅಂಚು ಬರೆದುಕೊಂಡಳು. ಹತ್ತು ದಿನ ಬಿಟ್ಟು ಅದೇ ಕಾಗದ ಹಿಡಿದರೆ, ತೇಪೆ ಗೆರೆ ದಾಟಿ ಬೆರಳಗಲ ಆಚೆ ಹರಡಿತ್ತು. ಆ ಹತ್ತು ದಿನವೂ ಕೆಲಸದಾಕೆ ಮನೆಯೊಳಗೆ ಕಾಲಿಟ್ಟಿರಲಿಲ್ಲ.

ತಂಗಿ ಕೆಲಸಕ್ಕೆ ಹೋದರೆ ಮನೆಗೆ ಬರುತ್ತಿದ್ದವನು ಟೈಲರ್ ಒಬ್ಬನೇ, ಮಧ್ಯಾಹ್ನದ ಊಟಕ್ಕೆ. ಮರುದಿನ ಆ ಹೊತ್ತಿಗೇ ಇವಳು ಹೇಳದೆ ಕೇಳದೆ ಬಂದಳು. ಸ್ನಾನದ ಮನೆಯಲ್ಲಿ ಟೈಲರ್ ನಲ್ಲಿಗೆ ಒದ್ದೆ ಬಟ್ಟೆ ಸುತ್ತಿ, ಗಾಯಕ್ಕೆ ಪಟ್ಟಿ ಕಟ್ಟಿದಂತೆ ದಾರ ಬಿಗಿಯುತ್ತಿದ್ದ. ಹುಳಿ ವಾಸನೆ ಮೂಗಿಗೆ ಬಡಿಯಿತು.

"ಏನದು?"

"ವಿನೆಗರ್, ಅತ್ತಿಗೆ," ಎಂದ ಅವನು, ತಿರುಗಿ ನೋಡದೆ. "ಬಿಳಿ ಕಲೆ ಕೂರುತ್ತೆ. ಬಣ್ಣ ನಾನೇ ಹಟ ಮಾಡಿ ತಗೊಂಡಿದ್ದಲ್ವಾ, ಕಲೆ ನೋಡಿ ನೀವು ಆಡಿಕೊಳ್ತೀರಿ ಅಂತ..."

"ಅವಳನ್ನ ಬಿಡಿಸುವಾಗ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಆಸಿಡ್ ಅಂದ್ರಿ. ಇದು ಅಡುಗೆಗೆ ಹಾಕೋದು. ಇದೂ ತಿನ್ನುತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಅವಳಿಗೆ ಸಿಟ್ಟು ಬಂತು. ಆದರೆ ಅದು ಅವನ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಹುಳುಕು ಯಾರ ಕೈಯದೆಂದು ಗೊತ್ತಾಗುವವರೆಗೆ ಅವಳು ಯಾರ ಹೆಸರನ್ನೂ ಬರೆದವಳಲ್ಲ. ಇಲ್ಲಿ ಮಾತ್ರ ಆಸಿಡ್ ಎಂದು ಅರ್ಧ ಮಾತಾಡಿ, ಹುಳಿಯೂ ಆಸಿಡ್ಡೇ ಎನ್ನದೆ ಸುಮ್ಮನೆ ನಿಂತಿದ್ದಳು.

ಸಂಜೆ ತಂಗಿಗೆ ಎಲ್ಲ ಹೇಳಿ, ಅವಳನ್ನು ಹೊರಡಿಸಿಕೊಂಡು ಮನೆಕೆಲಸದಾಕೆಯ ಮನೆಗೆ ಹೋದಳು. ಆಕೆ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು. ತಂಗಿ ತಡವರಿಸಿ ತಪ್ಪಾಯಿತು ಎಂದಳು. ಭೂತಗನ್ನಡಿ, "ಆ ಮಾತು ಶುರು ಮಾಡಿದ್ದು ನಾನು," ಎಂದಳು.

"ಬೇರೆ ಎರಡು ಮನೆ ಹಿಡಿದಿದ್ದೀನಿ," ಎಂದಳು ಆಕೆ. "ನಿಮ್ಮನೆಗೆ ಬರಲ್ಲ. ಆದ್ರೆ ಹಳೇ ಕೆಲಸ ಯಾಕೆ ಬಿಟ್ಟೆ ಅಂತ ಅಲ್ಲಿ ಕೇಳಿದ್ರೆ, ನೀವೇ ಹೇಳಬೇಕು."

ಮರುದಿನ ತಂಗಿ ಆ ಎರಡೂ ಮನೆಗಳಿಗೆ ತಾನೇ ಹೋಗಿ, ನಡೆದದ್ದನ್ನು ಹೇಳಿ ಬಂದಳು. ಟೈಲರ್ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದನಂತೆ.