ಗೆದ್ದವನು ಏಳುವಂತಿಲ್ಲ

ಶಿರಸಿ ಪೇಟೆಯ ಅಡಿಕೆ ವಖಾರಿಯೊಂದರಲ್ಲಿ ತೂಕದ ಗುಮಾಸ್ತನಾಗಿದ್ದ ಪರಮಣ್ಣ ಹೆಗಡೆಯ ಮೇಲೆ ದುರದೃಷ್ಟಕ್ಕೆ ವಿಶೇಷ ಮಮತೆ. ಅವನು ಕ್ಷೌರಕ್ಕೆ ಹೋದ ದಿನವೇ ಕ್ಷೌರಿಕನ ಕತ್ತಿ ಸಾಣೆಗೆ ಹೋಗಿರುತ್ತಿತ್ತು. ಊಟದ ಪಂಕ್ತಿಯಲ್ಲಿ ಹೋಳಿಗೆಯ ಹರಿವಾಣ ಅವನ ಪಕ್ಕದವನ ಎಲೆಯವರೆಗೆ ಬಂದು ಬರಿದಾಗುತ್ತಿತ್ತು. ಇಸ್ಪೀಟಿನ ವಿಷಯವನ್ನಂತೂ ಕೇಳಲೇಬಾರದು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು. ಪರಮಣ್ಣನ ಕೈಗೆ ಬೀಳುವ ಎಲೆಗಳಿಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ.

ಹಾಗಿದ್ದೂ ಮದುವೆ, ಮುಂಜಿ, ವೈಕುಂಠ ಸಮಾರಾಧನೆ ಎಲ್ಲಿದ್ದರೂ ಊಟದ ನಂತರ ಜಮಖಾನ ಹಾಸಿ ಇಸ್ಪೀಟಿನ ಮಂಡಲ ಕೂತಿತೆಂದರೆ ಪರಮಣ್ಣ ಅಲ್ಲಿ ಹಾಜರು. ಪಣಕ್ಕೆ ಅಡಿಕೆ. ಆಟ ಮುಗಿದ ಮೇಲೆ ಅಡಿಕೆ ಮನೆಯವರ ಚೀಲಕ್ಕೇ ವಾಪಸು ಹೋಗುವುದರಿಂದ ಯಾರೂ ಮುಳುಗಿಹೋಗುತ್ತಿರಲಿಲ್ಲ, ಹೋಗುತ್ತಿದ್ದದ್ದು ಮಾನ ಮಾತ್ರ. ಮಂಡಲಕ್ಕೆ ಒಂದೇ ಒಂದು ಕಾನೂನು: ಗೆದ್ದವನು ತಾನಾಗಿ ಏಳುವಂತಿಲ್ಲ. ಸೋತವರು ಮರಳಿ ಗೆಲ್ಲುವ ದಾರಿ ಮುಚ್ಚಬಾರದಲ್ಲ? ಅವರೆಲ್ಲ ಒಪ್ಪಿ 'ಸಾಕು' ಎನ್ನುವವರೆಗೆ ಗೆದ್ದವನು ಕೂತಿರಬೇಕು. ಸೋತವನು ಯಾವಾಗ ಬೇಕಾದರೂ ಪಂಚೆ ಕೊಡವಿ ಎದ್ದು ಹೋಗಬಹುದು. ಹೀಗಾಗಿ ಇಡೀ ತಾಲೂಕಿನಲ್ಲಿ ಮಂಡಲದಿಂದ ಏಳುವ ಪೂರ್ಣ ಸ್ವಾತಂತ್ರ್ಯವಿದ್ದ ಏಕೈಕ ಪ್ರಜೆ ಪರಮಣ್ಣ. ಆ ಸ್ವಾತಂತ್ರ್ಯವನ್ನು ಅವನು ಒಮ್ಮೆಯೂ ಬಳಸಿರಲಿಲ್ಲ ಎಂಬುದೇ ಅವನ ಹೆಂಡತಿ ದೇವಕ್ಕನ ದುಃಖ.

ಹಿಂದಿನ ವರ್ಷ ಮಗಳು ವೇದಾಳನ್ನು ನೋಡಲು ಒಂದು ಸಂಬಂಧದವರು ಬಂದಿದ್ದರು. ಅಪ್ಪ ಎಲ್ಲಿ ಎಂದರೆ ಮಂಡಲದಲ್ಲಿ. ಕಾದು ಕಾದು, ಅಪ್ಪನಿಗೇ ಬೇಡದ ಹುಡುಗಿ ನಮಗ್ಯಾಕೆ ಎಂದು ಅವಲಕ್ಕಿಯನ್ನೂ ಮುಟ್ಟದೆ ಎದ್ದು ಹೋಗಿದ್ದರು. ಈಗ ಮತ್ತೊಂದು ಸಂಬಂಧ ಒದಗಿತ್ತು, ಉಮ್ಮಚಗಿಯ ಸುಬ್ರಾಯ ಭಟ್ಟರ ಮಗ. ಅವರು ಬರುವ ದಿನವೇ ವಾನಳ್ಳಿಯ ಗಣಪ ಭಾವನ ಮನೆಯಲ್ಲಿ ಉಪನಯನ.

ಬೆಳಿಗ್ಗೆ ಹೊರಡುವಾಗ ದೇವಕ್ಕ ಬಾಗಿಲಿಗೆ ಅಡ್ಡ ನಿಂತಳು. "ನಿಂಗ ಹೋಪದು ಹೋಗಿ. ದೀಪ ಹಚ್ಚ ಹೊತ್ತಿಗೆ ಮನೇಲಿರವು. ಈ ಸಲನೂ ತಪ್ಪಿದ್ರೆ ಕೂಸಿಗೆ ಮುಖ ತೋರ್ಸಡಿ."

"ಬತ್ತೆ ಮಾರಾಯ್ತಿ. ಆನು ಯಾವಾಗ್ಲೂ ಸೋಲವ. ಯನ್ನ ಯಾರು ಹಿಡ್ಕತ್ತ?" ಎಂದ ಪರಮಣ್ಣ. ಅವನ ದನಿಯಲ್ಲಿ ದಣಿವಿತ್ತು, ಆದರೆ ತರ್ಕ ಗಟ್ಟಿಯಾಗಿತ್ತು.

ವಾನಳ್ಳಿಯಲ್ಲಿ ಊಟವಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂರೆಲೆಯ ಆಟ ಶುರುವಾಗಿತ್ತು. ನಮ್ಮ ವೀರ ಜಮಖಾನದ ಮೂಲೆಯಲ್ಲಿ ಆಸೀನನಾದ. ಮೊದಲ ಕೈಗೇ ಮೂರು ರಾಜರು ದಯಮಾಡಿಸಿದರು. ಎರಡನೆಯದಕ್ಕೆ ಎಕ್ಕದ ಜೋಡಿ. ಇಪ್ಪತ್ತು ವರ್ಷ ಅವನ ಮನೆಯ ದಾರಿ ತಪ್ಪಿಸಿಕೊಂಡಿದ್ದ ಅದೃಷ್ಟ, ಅಂದು ವಿಳಾಸ ಸಿಕ್ಕ ಸಂಭ್ರಮದಲ್ಲಿ ಬಂಧುಬಳಗ ಸಮೇತ ಬಂದಿಳಿದಿತ್ತು. ಅವನ ಮುಂದೆ ಅಡಿಕೆಯ ಗುಡ್ಡ ಬೆಳೆಯಿತು.

ಪರಮಣ್ಣ ಬಿಸಿಲು ನೋಡಿದ. "ಭಾವಾ, ಆನು ಹೊಂಟೆ. ಇವತ್ತು ಕೂಸಿನ ನೋಡಲೆ ಬತ್ತ."

"ಎಲ್ಲಿಗೆ ಹೊಂಡದು?" ಗಣಪ ಭಾವ ಕಣ್ಣರಳಿಸಿದ. "ಗೆದ್ದವ ಏಳ್ಲಾಗ. ಹುಟ್ಟಿದಾಗಿಂದ ಇದೊಂದ್ಸಲ ಗೆದ್ದಿದ್ದೆ, ಕೂತ್ಗ ಸುಮ್ನೆ. ಯಂಗ ಅಡಿಕೆ ತಿರುಗಿ ಗೆದ್ಕಂಡ ಮೇಲೆ ಹೋಗು."

"ಹಂಗೇ ತಗಳಿ, ಎಲ್ಲ ತಗಳಿ!"

"ದಾನ ಎಂತಕ್ಕೆ? ಯಂಗ ಎಂತ ಭಿಕ್ಷೆಗೆ ಕೂತಿದ್ವನಾ?" ಎಂದು ಮಂಡಲವೇ ಸಿಟ್ಟಾಯಿತು.

ಸರಿ, ಸೋತುಬಿಡೋಣ ಎಂದುಕೊಂಡ. ಕೆಟ್ಟ ಎಲೆ ಬರಲಿ ಎಂದು ಇಡಗುಂಜಿ ಗಣಪತಿಗೆ ಹರಕೆ ಹೊತ್ತ. ಬಂತು ಕೂಡ: ಎರಡು, ಐದು, ಒಂಬತ್ತು. ಆನಂದದಿಂದ ಬೊಗಸೆಗಟ್ಟಲೆ ಅಡಿಕೆ ಮುಂದೆ ತಳ್ಳಿದ. ಪರಮಣ್ಣ ಸುಳ್ಳು ಆಡುವವನಲ್ಲ, ಇಷ್ಟು ತಳ್ಳಿದ್ದಾನೆಂದರೆ ಕೈಯಲ್ಲಿ ಬ್ರಹ್ಮಾಸ್ತ್ರವೇ ಇರಬೇಕೆಂದು ಎಲ್ಲರೂ ಆಟ ಬಿಟ್ಟು ಎಲೆ ಕೆಳಗಿಟ್ಟರು. ಗುಡ್ಡ ಇನ್ನಷ್ಟು ಎತ್ತರವಾಯಿತು. ತಾನೇ ಆಡದೆ ಬಿಟ್ಟರೆ ಕೈಗೆ ಒಂದೊಂದೇ ಅಡಿಕೆ ಹೋಗುತ್ತಿತ್ತು. ಆ ಲೆಕ್ಕದಲ್ಲಿ ಮಗಳ ಮೊಮ್ಮಕ್ಕಳ ಮುಂಜಿಯ ಹೊತ್ತಿಗೆ ಬಿಡುಗಡೆ. ಅಷ್ಟರಲ್ಲಿ ದೂರದ ತಿರುವಿನಲ್ಲಿ ಬಸ್ಸು ಹಾರನ್ನು ಹೊಡೆದು ಹೊರಟೇ ಹೋಯಿತು.

ಪರಮಣ್ಣ ಕಣ್ಣು ಮುಚ್ಚಿ ಕೂತ. ಮಗಳು ಕಳೆದ ವರ್ಷ ಆ ಅವಲಕ್ಕಿಯ ತಟ್ಟೆಗಳನ್ನು ಒಂದೊಂದಾಗಿ ಒಳಗೆ ಒಯ್ದದ್ದು ನೆನಪಾಯಿತು.

ಆಗ ಅವನಿಗೆ ಹೊಳೆಯಿತು. ತಪ್ಪು ಎಲೆಯದಲ್ಲ, ಆಟದ್ದು. ಮೂರೆಲೆಯಲ್ಲಿ ಗೆಲುವೂ ದೇವರದು, ಸೋಲೂ ದೇವರದು; ಮನುಷ್ಯ ಪ್ರಯತ್ನಕ್ಕೆ ಜಾಗವಿಲ್ಲ. ಪ್ರಯತ್ನಪಟ್ಟು ಸೋಲಬೇಕಾದರೆ ತುರುಪಿನ ಜೋಡಿಯಾಟವೇ ಆಗಬೇಕು, ಜೊತೆಗೆ ತಕ್ಕ ಜೋಡಿ ಬೇಕು.

"ಮೂರೆಲೆ ಬ್ಯಾಸರ ಬಂತು. ತುರುಪು ಆಡನ," ಎಂದ. "ಯನ್ನ ಜೋಡಿಗೆ ಶೇಷಜ್ಜ."

ಮಂಡಲದವರೆಲ್ಲ ಕಂಬದ ಕಡೆ ತಿರುಗಿದರು. ಬಿಳಗಿಯ ಶೇಷಜ್ಜ ಕಂಬಕ್ಕೊರಗಿ ತೂಕಡಿಸುತ್ತಿದ್ದ. ತುರುಪು ಯಾವುದೆಂದು ಎರಡನೆಯ ಎಲೆಗೇ ಮರೆಯುವ ಅವನನ್ನು ಮೂರು ತಾಲೂಕಿನಲ್ಲಿ ಯಾರಾದರೂ ಜೋಡಿಗೆ ಕರೆದು ಎಷ್ಟೋ ಕಾಲವಾಗಿತ್ತು. ಅಜ್ಜ ಕಣ್ಣೊರೆಸಿಕೊಂಡು ಬಂದು ಕೂತ. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದೆಂದು ಎದುರಾಳಿಗಳೂ ತಕ್ಷಣ ಒಪ್ಪಿದರು.

ಮುಂದಿನದು ವರ್ಣನೆಗೆ ನಿಲುಕದ ಪರಾಕ್ರಮ. ಪರಮಣ್ಣ ಕೈಯಲ್ಲಿ ಏನೂ ಇಲ್ಲದೆ, ಎಲ್ಲ ಕೈಯೂ ತನ್ನದೇ ಎಂದು ಬಾಯಿ ತುಂಬ ಕೂಗಿದ. ಅವನು ಅಪ್ಪಿತಪ್ಪಿ ಗೆಲ್ಲುವ ಎಲೆ ಹಾಕಿದರೆ ಶೇಷಜ್ಜ ಅದನ್ನು ತುರುಪಿನಿಂದ ಕಡಿದು ಬಿಸಾಡಿದ. ಗುಡ್ಡ ಕರಗಿ ಬಯಲಾಯಿತು.

"ಪರಮಾ," ಅಜ್ಜ ತಲೆ ಕೊಡವಿದ, "ಯಂಗೆ ಎಂತೆಂತ ಜೋಡಿ ಸಿಕ್ಕಿದ್ದ. ನಿನ್ನಂಥ ದಡ್ಡ ಸಿಕ್ಕಿದ್ನಿಲ್ಲೆ."

"ಹೌದು ಅಜ್ಜ," ಎಂದು ಅವನ ಕಾಲಿಗೆ ಬಿದ್ದು, ಸೋತವನ ಹಕ್ಕಿನಿಂದ ಎದ್ದು, ಶಿರಸಿಗೆ ಹೊರಟಿದ್ದ ಕಟ್ಟಿಗೆ ಲಾರಿಯನ್ನು ಓಡಿ ಹತ್ತಿದ.

ಮೈತುಂಬ ಕೆಂಪು ಧೂಳು ಹೊತ್ತು ಅಂಗಳಕ್ಕೆ ಬಂದಾಗ ದೀಪ ಹಚ್ಚಿಯಾಗಿತ್ತು. ಜಗಲಿಯಲ್ಲಿ ಸುಬ್ರಾಯ ಭಟ್ಟರು ಶಾಲು ಸರಿಮಾಡಿಕೊಂಡು ಏಳುವುದರಲ್ಲಿದ್ದರು. ಅವಲಕ್ಕಿ ತಟ್ಟೆಯಲ್ಲಿ ಹಾಗೇ ಇತ್ತು.

"ಬಸ್ಸು ಹಾಳಾತು ಕಾಣ್ತು," ಎಂದು ದೇವಕ್ಕ ಅವಸರದಲ್ಲಿ ಹೇಳಿದಳು.

"ಬಸ್ಸಲ್ಲ. ಮಂಡಲದಲ್ಲಿ ಕೂತಿದ್ದಿ," ಎಂದ ಪರಮಣ್ಣ. ಸುಳ್ಳು ಕಟ್ಟುವಷ್ಟು ತ್ರಾಣ ಉಳಿದಿರಲಿಲ್ಲ. "ಗೆದ್ದುಬಿಟ್ಟಿದ್ದಿ, ಏಳಲೆ ಬಿಟ್ಟಿದ್ವಿಲ್ಲೆ."

ಭಟ್ಟರ ಹುಬ್ಬು ಮೇಲೇರಿತು. ಅವರೂ ಮಂಡಲ ಕಂಡವರೇ. "ಗೆದ್ದವ ನೀನು ಹೆಂಗೆ ಎದ್ದು ಬಂದೆ? ಕಾನೂನು ಮುರಿದ್ಯ?"

"ಇಲ್ಲೆ. ಸೋತಿಕ್ಕಿ ಬಂದಿ. ಬಿಳಗಿ ಶೇಷಜ್ಜನ್ನ ಜೋಡಿ ಮಾಡ್ಕಂಡಿ."

ಭಟ್ಟರ ಹೊಟ್ಟೆ ನಗುವಿನಿಂದ ಅಲ್ಲಾಡತೊಡಗಿತು. "ಶೇಷಜ್ಜನ್ನ! ತಾನಾಗಿ! ಕೇಳ್ತ?" ಎಂದು ಪಕ್ಕದಲ್ಲಿ ಕೂತ ಮಗನ ಬೆನ್ನಿಗೆ ಗುದ್ದಿದರು. "ಕೂಸಿನ ಸಲುವಾಗಿ ಆ ಅಜ್ಜನ್ನ ಸಹಿಸಿಕ್ಕಿ ಬಂದವ ಅಪ್ಪನೇ ಹೌದು. ಕೂಸಿನ ಕರೀರಿ, ಅಡ್ಡಿಲ್ಲೆ." ಮತ್ತೆ ಕೂತು ಅವಲಕ್ಕಿಗೆ ಕೈ ಹಾಕಿದರು.

ವೇದಾ ಬಂದಳು. ಎಲ್ಲರಿಗೂ ಚಾ ಕೊಟ್ಟು, ಅಪ್ಪನ ಲೋಟವನ್ನು ಮಾತ್ರ ಅವನ ಕೈಯಲ್ಲೇ ಹಿಡಿಸಿ, ಹೆಗಲ ಧೂಳು ಕೊಡವಿ ಒಳಗೆ ಹೋದಳು. ಹುಡುಗ ಒಪ್ಪಿದ, ಹುಡುಗಿಯೂ ಬೇಡವೆನ್ನಲಿಲ್ಲ.

ಉಮ್ಮಚಗಿಯ ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿತ್ತು, ಇನ್ನು ಬೆಳಿಗ್ಗೆಯೇ. ಭಟ್ಟರು ಜಮಖಾನ ಹಾಸಲು ಹೇಳಿದರು. ಪರಮಣ್ಣನ ಮೊದಲ ಕೈಗೆ ಬಂದದ್ದು ಎರಡು, ಐದು, ಒಂಬತ್ತು. ಎರಡನೆಯ ಕೈಯೂ ಹೆಚ್ಚುಕಡಿಮೆ ಅದೇ. ಅವನ ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಎದ್ದು ಹೋಗಿ ಮಲಗುವ ಹಕ್ಕು ಅವನಿಗೆ ಪೂರ್ತಿ ಇತ್ತು.

"ಇನ್ನೊಂದು ಕೈ ಹಾಕಿ," ಎಂದ.